ನಾಟಿ ಹುಂಜದ ಮರಿಗಳ ಸಾಕಣೆ: ಬೀಜ ತೆಗೆಸುವುದು ನಮ್ಮಲ್ಲಿ ಆಗಿಬರುವ ಕೆಲಸವೇ?

ಹಿತ್ತಲಕೋಳಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮ ತೆಂಗಿನ ತೋಟದಲ್ಲಿ ಮನೆಮಟ್ಟಿಗೆ ನಾಟಿ ಕೋಳಿ ಸಾಕುತ್ತಿದ್ದೇವೆ. ಈ ಸಲ ಕಾವಿಗೆ ಕೂರಿಸಿದ ಹೇಂಟೆಗಳು ಚೆನ್ನಾಗಿಯೇ ಮರಿ ಮಾಡಿದವು, ಆದರೆ ಉಳಿದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಂಜಗಳಾಗಿವೆ. ಮೂರು ತಿಂಗಳು ತುಂಬುತ್ತಿದ್ದಂತೆ ಅವು ಬೆಳಗಿನಿಂದ ಸಂಜೆಯವರೆಗೆ ಕಾದಾಡಲು ಶುರು ಮಾಡಿವೆ. ಒಂದರ ಜುಟ್ಟು ಹರಿದು ರಕ್ತ ಸುರಿಯುತ್ತಿರುತ್ತದೆ, ಮತ್ತೊಂದು ಮೇವಿನ ತಟ್ಟೆಯ ಹತ್ತಿರವೇ ಸುಳಿಯುವುದಿಲ್ಲ. ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತುಹೋಗಿ ತೊಗಲು ಕಾಣುತ್ತಿದೆ.

ವಿಯೆಟ್ನಾಂ ಕಡೆಯ ಒಂದು ವಿಡಿಯೊದಲ್ಲಿ ಹುಂಜದ ಮರಿಯ ಪಕ್ಕೆಯನ್ನು ಸೀಳಿ ಬೀಜ ತೆಗೆಯುವುದನ್ನು ನೋಡಿದೆ. ಹಾಗೆ ಮಾಡಿದ ಹಕ್ಕಿಗೆ ಕೇಪನ್ ಎನ್ನುತ್ತಾರಂತೆ, ಅದು ಕೂಗುವುದಿಲ್ಲ, ಕಾದಾಡುವುದಿಲ್ಲ, ಮಾಂಸವೂ ಮೆತ್ತಗಿರುತ್ತದೆ ಎಂದು ಅದರಲ್ಲಿ ಹೇಳಿದ್ದರು. ಹೋರಿಗೆ, ಹೋತಕ್ಕೆ ಬೀಜ ಒಡೆಸುವುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಕೋಳಿಗೂ ಅದನ್ನು ಮನೆಯಲ್ಲಿಯೇ ಮಾಡಬಹುದೇ? ಯಾವ ವಯಸ್ಸಿನಲ್ಲಿ ಮಾಡಬೇಕು? ಕಾನೂನಿನ ಅಡ್ಡಿ ಏನಾದರೂ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ ಪಶುವೈದ್ಯ, ಹಾಸನ

ಪ್ರಶ್ನೆಯನ್ನು ಕೈಗೆ ಕತ್ತಿ ತೆಗೆದುಕೊಳ್ಳುವ ಮೊದಲೇ ಕೇಳಿದ್ದೀರಿ ಎಂಬುದು ನನಗೆ ಸಮಾಧಾನ ತಂದಿದೆ. ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಹೋರಿಗೆ ಬೀಜ ಒಡೆಯುವುದಕ್ಕೂ ಹುಂಜಕ್ಕೆ ಬೀಜ ತೆಗೆಯುವುದಕ್ಕೂ ಹೆಸರಿನ ಹೊರತು ಬೇರೆ ಹೋಲಿಕೆಯಿಲ್ಲ. ಹೋರಿ, ಹೋತ, ಟಗರುಗಳಲ್ಲಿ ವೃಷಣಗಳು ದೇಹದ ಹೊರಗೆ ಚೀಲದಲ್ಲಿ ಜೋತುಬಿದ್ದಿರುತ್ತವೆ. ಬರ್ಡಿಜೋ ಇಕ್ಕಳದಿಂದ ಹೊರಗಿನಿಂದಲೇ ನರವನ್ನು ಅಮುಕಿ, ಚರ್ಮವನ್ನು ಕೊಯ್ಯದೆ ಕೆಲಸ ಮುಗಿಸಬಹುದು. ಹಕ್ಕಿಗಳಲ್ಲಿ ಹಾಗಲ್ಲ. ಹುಂಜದ ಎರಡೂ ವೃಷಣಗಳು ಹೊಟ್ಟೆಯ ಒಳಗೆ, ಬೆನ್ನುಮೂಳೆಗೆ ಅಂಟಿಕೊಂಡಂತೆ, ಮೂತ್ರಪಿಂಡಗಳ ಮುಂತುದಿಯಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿರುತ್ತವೆ. ಹಬ್ಬದ ದಿನ ಬಲಿತ ಹುಂಜವನ್ನು ಕೊಯ್ದು ಶುಚಿ ಮಾಡಿದವರು ಅಲ್ಲಿ ಬಿಳಿಯ, ಅವರೆಕಾಳಿನ ಆಕಾರದ ದಪ್ಪ ಗಂಟುಗಳನ್ನು ನೋಡಿರುತ್ತಾರೆ. ಆದರೆ ಬೀಜ ತೆಗೆಯುವ ವಯಸ್ಸಿನ ಮರಿಯಲ್ಲಿ ಅವು ಒಂದು ಧಾನ್ಯದ ಕಾಳಿಗಿಂತ ತುಸು ದೊಡ್ಡದಿರಬಹುದು, ಅಷ್ಟೇ. ಬಣ್ಣ ಹಳದಿಯಾಗಿರಬಹುದು, ಬಿಳಿಯಾಗಿರಬಹುದು, ಕೆಲವು ತಳಿಗಳಲ್ಲಿ ಬೂದು ಬಣ್ಣವೂ ಇರುತ್ತದೆ. ಎರಡು ವೃಷಣಗಳ ನಡುವೆಯೇ ದೇಹದ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ. ಇಕ್ಕಳದ ತುದಿ ಕೂದಲೆಳೆಯಷ್ಟು ಜಾರಿ ಆ ನಾಳ ಹರಿದರೆ ಹಕ್ಕಿ ನೋಡನೋಡುತ್ತಿದ್ದಂತೆ ಸಾಯುತ್ತದೆ, ಆಗ ಯಾವ ವೈದ್ಯನೂ ಏನೂ ಮಾಡಲಾರ.

ಕ್ರಮ ಗೊತ್ತಿರಲಿ ಎಂದು ಹೇಳುತ್ತೇನೆ, ಅನುಸರಿಸಲಿ ಎಂದಲ್ಲ. ಈ ಕೆಲಸಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರದ, ಜುಟ್ಟು ಇನ್ನೂ ಕೆಂಪೇರದ ಮರಿಗಳನ್ನು ಆರಿಸುತ್ತಾರೆ. ಕರುಳು ತುಂಬಿದ್ದರೆ ಒಳಗೆ ಏನೂ ಕಾಣಿಸದ ಕಾರಣ ಹಿಂದಿನ ದಿನದಿಂದಲೇ ಮೇವನ್ನು, ಕೊನೆಯ ಕೆಲವು ತಾಸು ನೀರನ್ನೂ ನಿಲ್ಲಿಸುತ್ತಾರೆ. ಮರಿಯನ್ನು ಮಗ್ಗುಲಾಗಿ ಮಲಗಿಸಿ, ರೆಕ್ಕೆ ಮತ್ತು ಕಾಲುಗಳನ್ನು ಕಟ್ಟಿ, ಕೊನೆಯ ಎರಡು ಪಕ್ಕೆಲುಬುಗಳ ನಡುವೆ ಸೀಳು ಮಾಡಿ, ಕಮಾನಿನಂತಹ ಉಪಕರಣದಿಂದ ಎಲುಬುಗಳನ್ನು ಅಗಲಿಸಿ, ಒಳಗಿನ ತೆಳುಪೊರೆಯನ್ನು ಹರಿದು ವೃಷಣವನ್ನು ತಿರುಚಿ ತೆಗೆಯುತ್ತಾರೆ. ಆ ತೆಳುಪೊರೆಯ ಜಾಗದಲ್ಲಿಯೇ ಹಕ್ಕಿಯ ಉಸಿರಾಟದ ಗಾಳಿಚೀಲಗಳಿವೆ, ಅಂದರೆ ಈ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಜೊತೆಗೆ ಉಸಿರಾಟದ ವ್ಯವಸ್ಥೆಯೂ ತೆರೆದುಕೊಳ್ಳುತ್ತದೆ. ಗಾಯ ಮುಚ್ಚಿದ ಮೇಲೂ ಒಳಗಿನ ಗಾಳಿ ಚರ್ಮದ ಕೆಳಗೆ ಸೋರಿ ಮೈ ಉಬ್ಬಿಕೊಳ್ಳುವುದು ಸಾಮಾನ್ಯ. ಹಳೆಯ ಕಾಲದ ಕೈಪಿಡಿಗಳಲ್ಲಿ ಅರಿವಳಿಕೆಯ ಮಾತೇ ಬರುವುದಿಲ್ಲ. ಹಕ್ಕಿ ಕೂಗಿಕೊಳ್ಳದೆ ಸುಮ್ಮನೆ ಮಲಗಿದ್ದರೆ ಅದಕ್ಕೆ ನೋವಿಲ್ಲ ಎಂದು ತಿಳಿಯುವುದು ತಪ್ಪು. ಬೇಟೆಗೆ ಗುರಿಯಾಗುವ ಜೀವಿಗಳು ಹೆದರಿದಾಗ ಮರಗಟ್ಟಿದಂತಾಗುತ್ತವೆ. ಇನ್ನು ಅರಿವಳಿಕೆ ಕೊಡೋಣವೆಂದರೆ, ಲಿಗ್ನೊಕೇನ್‌ನಂತಹ ಔಷಧಿ ಹಕ್ಕಿಗಳಿಗೆ ತುಸು ಹೆಚ್ಚಾದರೂ ವಿಷವಾಗುವುದರಿಂದ ತೂಕ ನೋಡಿ, ತೆಳುಗೊಳಿಸಿ ಕೊಡಬಲ್ಲ ತಜ್ಞರ ಕೈಯೇ ಬೇಕು.

ಇನ್ನೊಂದು ತೊಡಕಿದೆ. ವೃಷಣದ ಒಂದು ಚೂರು ಒಳಗೆ ಉಳಿದರೂ ಅದು ಮತ್ತೆ ಬೆಳೆಯುತ್ತದೆ. ಕೆಲವು ತಿಂಗಳ ನಂತರ ಜುಟ್ಟು ಮತ್ತೆ ಕೆಂಪೇರಿ, ಹಕ್ಕಿ ಕೂಗತೊಡಗಿ, ಕಾದಾಟಕ್ಕೂ ಇಳಿಯುತ್ತದೆ. ಅಷ್ಟು ನೋವು ಕೊಟ್ಟಿದ್ದಕ್ಕೆ ಕೇಪನ್ನೂ ಸಿಗುವುದಿಲ್ಲ, ಸರಿಯಾದ ಹುಂಜವೂ ಸಿಗುವುದಿಲ್ಲ. ನಿಮ್ಮ ಮರಿಗಳು ಮೂರು ತಿಂಗಳು ತುಂಬಿ ಕಾದಾಟಕ್ಕೆ ಇಳಿದಿವೆ ಎಂದಿದ್ದೀರಿ. ಅವುಗಳ ವೃಷಣಗಳು ಈಗಾಗಲೇ ಬೆಳೆದು ರಕ್ತದ ಹರಿವು ಹೆಚ್ಚಿರುತ್ತದೆ. ಆದ್ದರಿಂದ ಪರಿಣತರೂ ಅವುಗಳನ್ನು ಮುಟ್ಟಲು ಹಿಂಜರಿಯುತ್ತಾರೆ.

ಮಣ್ಣಿನಮಗ, ಮಂಡ್ಯ

ಡಾಕ್ಟರ್ ಸಾಹೇಬರೇ, ಬೀಜ ತೆಗೆದರೆ ಜುಟ್ಟು ಸಣ್ಣದಾಗುವುದು ಏಕೆ? ಪುಕ್ಕವೂ ಹೇಂಟೆಯಂತೆ ಆಗಿಬಿಡುತ್ತದೆಯೇ?

ನಿವೃತ್ತ ಪಶುವೈದ್ಯ, ಹಾಸನ

ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಒಂದು ಇಡೀ ಶಾಸ್ತ್ರ ಹುಟ್ಟಿಕೊಂಡಿದೆ. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬ ಶರೀರಶಾಸ್ತ್ರಜ್ಞ ಆರು ಹುಂಜದ ಮರಿಗಳ ಮೇಲೆ ಪ್ರಯೋಗ ಮಾಡಿದ. ವೃಷಣಗಳನ್ನು ಪೂರ್ತಿ ತೆಗೆದ ಮರಿಗಳು ಕೇಪನ್ ಆದವು. ಆದರೆ ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟ ಮರಿಗಳು ಎಂದಿನಂತೆ ಜುಟ್ಟು ಬಿಟ್ಟು, ಕೂಗಿ, ಕಾದಾಡಿ, ಹೇಂಟೆಗಳ ಬೆನ್ನು ಹತ್ತಿದವು. ಹಳೆಯ ನರಗಳ ಸಂಪರ್ಕ ಕಡಿದುಹೋಗಿದ್ದರೂ ಹೀಗಾದ ಕಾರಣ, ವೃಷಣದಿಂದ ಏನೋ ಒಂದು ರಕ್ತಕ್ಕೆ ಸೇರಿ ಇಡೀ ದೇಹವನ್ನು ಪ್ರಭಾವಿಸುತ್ತದೆ ಎಂಬ ತೀರ್ಮಾನಕ್ಕೆ ಅವನು ಬಂದ. ಹಾರ್ಮೋನ್ ಎಂಬ ಹೆಸರು ಹುಟ್ಟುವ ಎಷ್ಟೋ ವರ್ಷಗಳ ಮೊದಲಿನ ಮಾತಿದು. ಮುಂದೆ 1920ರ ದಶಕದ ಕೊನೆಯಲ್ಲಿ, ಒಂದು ಸಾರದಲ್ಲಿ ಗಂಡು ಹಾರ್ಮೋನ್ ಎಷ್ಟಿದೆ ಎಂದು ಅಳೆಯಲು ಅದನ್ನು ಕೇಪನ್‌ಗಳಿಗೆ ಕೊಟ್ಟು ಜುಟ್ಟು ಎಷ್ಟು ಬೆಳೆಯಿತು ಎಂದು ನೋಡುತ್ತಿದ್ದರು. ಜುಟ್ಟಿನ ಬೆಳವಣಿಗೆ ಆ ಹಾರ್ಮೋನನ್ನು ಅಷ್ಟು ನೇರವಾಗಿ ಅವಲಂಬಿಸಿದೆ.

ಪುಕ್ಕದ ಮಾತಿಗೆ ಬಂದರೆ, ಕೇಪನ್‌ನ ಕತ್ತು ಮತ್ತು ಸೊಂಟದ ಪುಕ್ಕಗಳು ಇನ್ನೂ ಉದ್ದವಾಗಿ, ಹೊಳಪಾಗಿ ಬೆಳೆಯುತ್ತವೆ, ಕಾಲಿನ ಮುಳ್ಳೂ ಬರುತ್ತದೆ. ಕೋಳಿಗಳಲ್ಲಿ ಹೇಂಟೆಯ ಪುಕ್ಕವನ್ನು ರೂಪಿಸುವುದು ಅಂಡಾಶಯದ ಹಾರ್ಮೋನ್. ಅದಿಲ್ಲದ ಹಕ್ಕಿಗೆ ಹುಂಜದ ಪುಕ್ಕವೇ ಬರುತ್ತದೆ. ಹೀಗಾಗಿ ಕೇಪನ್ ಎಂದರೆ ಹುಂಜದ ಪುಕ್ಕವನ್ನು ಹೊದ್ದ, ಬಿಳಿಚಿದ ಸಣ್ಣ ಜುಟ್ಟಿನ, ಮೌನವಾದ ಹಕ್ಕಿ.

ಲಿಯಾನ್‌ನ ಕನ್ನಡಿಗ

ನಾನು ಕೆಲಸದ ನಿಮಿತ್ತ ಫ್ರಾನ್ಸಿನ ಲಿಯಾನ್ ನಗರದಲ್ಲಿದ್ದೇನೆ. ಕೇಪನ್‌ಗೆ ಹೆಸರಾದ ಬ್ರೆಸ್ ಸೀಮೆ ಇಲ್ಲಿಗೆ ಹತ್ತಿರದಲ್ಲಿಯೇ ಇದೆ. ವಿಡಿಯೊಗಳು ತೋರಿಸದ ಒಂದು ಸಂಗತಿಯನ್ನು ಹೇಳಬೇಕೆನಿಸಿತು. ಇಲ್ಲಿ ಬೀಜ ತೆಗೆಯುವುದು ಕೆಲಸದ ಆರಂಭ ಮಾತ್ರ, ಅದರ ಬೆಲೆಯೆಲ್ಲ ಅನಂತರದ ತಿಂಗಳುಗಳ ಸಾಕಣೆಯಲ್ಲಿದೆ. ಬ್ರೆಸ್ ಕೋಳಿಗೆ 1957ರಲ್ಲಿಯೇ ಕಾನೂನಿನ ಮೂಲಕ ಪ್ರದೇಶದ ಹೆಸರಿನ ರಕ್ಷಣೆ ದೊರಕಿತು. ಮೈ ಬಿಳಿ, ಜುಟ್ಟು ಕೆಂಪು, ಕಾಲು ನೀಲಿ ಇರುವ ಆ ತಳಿಯನ್ನು, ಹಕ್ಕಿಯೊಂದಕ್ಕೆ ಕನಿಷ್ಠ 10 ಚದರ ಮೀಟರ್ ಹುಲ್ಲುಗಾವಲು ಸಿಗುವಂತೆ ಬಯಲಿಗೆ ಬಿಟ್ಟು, ಜೋಳ ಮತ್ತು ಹಾಲಿನ ಪದಾರ್ಥಗಳನ್ನು ಮೇವಾಗಿ ಕೊಟ್ಟು ಸಾಕುತ್ತಾರೆ. ಇಲ್ಲಿ ಜೋಳವೆಂದರೆ ನಮ್ಮ ಮುಸುಕಿನ ಜೋಳ. ಕೇಪನ್ ಆದರೆ ಕನಿಷ್ಠ 8 ತಿಂಗಳು ಬೆಳೆಸಬೇಕು, ಕೊನೆಯ ನಾಲ್ಕು ವಾರ ಮಂದ ಬೆಳಕಿನ, ಶಾಂತವಾದ ಕೋಣೆಯ ಮರದ ಗೂಡುಗಳಲ್ಲಿಟ್ಟು ಕೊಬ್ಬಿಸಬೇಕು.

ಕ್ರಿಸ್ಮಸ್‌ಗೆ ಮುಂಚೆ ಡಿಸೆಂಬರ್‌ನಲ್ಲಿ ಬೂರ್-ಆಂ-ಬ್ರೆಸ್ ಮತ್ತು ಸುತ್ತಲಿನ ಊರುಗಳಲ್ಲಿ ಕೋಳಿಗಳ ಸ್ಪರ್ಧೆ ನಡೆಯುತ್ತದೆ. 1862ರಿಂದ ಬಂದ ಪದ್ಧತಿ ಇದು. ಅಲ್ಲಿ ಮೇಜಿನ ಮೇಲೆ ಸಾಲಾಗಿ ಇಟ್ಟಿರುವ ಕೇಪನ್‌ಗಳನ್ನು ಹತ್ತಿರದಿಂದ ನೋಡಿದರೆ ಕೈಕೆಲಸದ ಸೂಕ್ಷ್ಮ ತಿಳಿಯುತ್ತದೆ. ಕತ್ತಿನ ಮೇಲ್ಭಾಗದ ಪುಕ್ಕವನ್ನು ಪಟ್ಟಿಯಂತೆ ಹಾಗೆಯೇ ಬಿಟ್ಟು ಉಳಿದ ಮೈಯ ಪುಕ್ಕವನ್ನು ಒಂದು ಗೀರೂ ಬೀಳದಂತೆ ಕಿತ್ತಿರುತ್ತಾರೆ. ನಂತರ ನಾರುಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹೊಲಿದು ಇಟ್ಟಿದ್ದರಿಂದ ಕಾಲು ರೆಕ್ಕೆಗಳೆಲ್ಲ ಮೈಯೊಳಗೆ ಸೇರಿಹೋಗಿ ಹಕ್ಕಿ ದುಂಡನೆಯ ಉರುಳೆಯಂತಾಗಿರುತ್ತದೆ, ಕೊಬ್ಬು ಚರ್ಮದ ಕೆಳಗೆ ಸಮವಾಗಿ ಹರಡಿರುತ್ತದೆ. ಕಾಲಿನಲ್ಲಿ ಸಾಕಿದವರ ಗುರುತಿನ ಉಂಗುರ ಇರುತ್ತದೆ. ಸಾಧಾರಣ ಕೋಳಿಯ ಹಲವು ಪಟ್ಟು ಬೆಲೆ ಕೊಟ್ಟು ಜನ ಇದನ್ನು ಕೊಳ್ಳುತ್ತಾರೆ, ಏಕೆಂದರೆ ವರ್ಷಕ್ಕೊಮ್ಮೆ ಹಬ್ಬದ ದಿನ ಇಡೀ ಹಕ್ಕಿಯನ್ನು ಒಲೆಯಲ್ಲಿ ನಿಧಾನವಾಗಿ ಸುಟ್ಟು, ಅದರ ಕೊಬ್ಬಿನಲ್ಲಿಯೇ ಬೇಯಿಸಿ ಉಣ್ಣುವುದು ಇಲ್ಲಿನ ವಾಡಿಕೆ. ಇಟಲಿಯ ಪೀಡ್ಮಾಂಟ್‌ನ ಮೊರೊಟ್ಸೊ, ಸ್ಪೇನಿನ ಗಲೀಸಿಯಾದ ವಿಲಾಲ್ಬಾ ಊರುಗಳ ಕೇಪನ್ ಸಂತೆಗಳೂ ಕ್ರಿಸ್ಮಸ್ ಹಬ್ಬಕ್ಕೇ ಅಂಟಿಕೊಂಡಿವೆ.

ಐರೋಪ್ಯ ಒಕ್ಕೂಟದ ನಿಯಮದಂತೆ, ಕೇಪನ್ ಎಂದು ಮಾರಬೇಕಾದರೆ ಹಕ್ಕಿಗೆ ಕನಿಷ್ಠ 140 ದಿನ ವಯಸ್ಸಾಗಿರಬೇಕು, ಬೀಜ ತೆಗೆದ ನಂತರ ಕನಿಷ್ಠ 77 ದಿನ ಸಾಕಿರಬೇಕು. ಬ್ರಿಟನ್‌ನಲ್ಲಿ ಈ ಶಸ್ತ್ರಚಿಕಿತ್ಸೆಯನ್ನೇ ನಿಷೇಧಿಸಲಾಗಿದೆ. ಫ್ರಾನ್ಸಿನಲ್ಲಿಯೂ ಪ್ರಾಣಿಗಳ ಪರವಾಗಿ ದನಿಯೆತ್ತುವವರು ಇದನ್ನು ವಿರೋಧಿಸುತ್ತಾರೆ, ಅವರ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಅಂಗಳದ ಅಕ್ಕ, ಬೆಳ್ತಂಗಡಿ

ತಿಪಟೂರಿನ ತಮ್ಮನಿಗೆ ನಾನು ಹೇಳುವುದು ಇಷ್ಟೇ: ಕಾದಾಟಕ್ಕೆ ಪರಿಹಾರ ಕತ್ತಿಯಲ್ಲಿಲ್ಲ, ಬೇಲಿಯಲ್ಲಿದೆ. ನಮ್ಮ ಮನೆಯಲ್ಲಿ ಹುಂಜದ ಮರಿಗಳನ್ನು ಹತ್ತು ವಾರದೊಳಗೆ ಗುರುತಿಸಿ, ಹೇಂಟೆಗಳಿಂದ ಬೇರ್ಪಡಿಸಿ, ಹುಂಜಗಳದ್ದೇ ಒಂದು ಗುಂಪು ಮಾಡುತ್ತೇವೆ. ಒಟ್ಟಿಗೆ ಬೆಳೆದ ಹುಂಜಗಳು ಹೇಂಟೆಯ ಕಣ್ಣಿಗೆ ಬೀಳದ ಜಾಗದಲ್ಲಿದ್ದರೆ ತಮ್ಮೊಳಗೆ ಮೇಲುಕೀಳು ನಿಶ್ಚಯಿಸಿಕೊಂಡು ಬಹುಮಟ್ಟಿಗೆ ಹೊಂದಿಕೊಂಡು ಇರುತ್ತವೆ. ಹೇಂಟೆಗಳಿರುವ ಗೂಡಿನ ಪಕ್ಕದಲ್ಲಿಯೇ ಬರೀ ತಂತಿಬಲೆಯ ಆಚೆ ಇಟ್ಟರೆ ಪ್ರಯೋಜನವಾಗುವುದಿಲ್ಲ, ನಡುವೆ ಸೋಗೆಯ ತಟ್ಟಿಯನ್ನಾದರೂ ಕಟ್ಟಬೇಕು. ಮೇವಿನ ತಟ್ಟೆ ಮತ್ತು ನೀರಿನ ಪಾತ್ರೆಗಳನ್ನು ಎರಡು ಮೂರು ಕಡೆ ಹಂಚಿ ಇಡಬೇಕು, ಇಲ್ಲದಿದ್ದರೆ ಗುಂಪಿನ ಯಜಮಾನ ಒಂದೇ ತಟ್ಟೆಗೆ ಕಾವಲು ನಿಂತು ಮೆತ್ತನೆಯ ಮರಿಗಳನ್ನು ಉಪವಾಸ ಕೆಡವುತ್ತದೆ. ಕೂರಲು ಬೇರೆ ಬೇರೆ ಎತ್ತರದ ಅಡ್ಡಗೋಲುಗಳು, ಓಡಿ ಮರೆಯಾಗಲು ಸೌದೆಯ ರಾಶಿ ಅಥವಾ ಗಿಡದ ಪೊದೆ ಇರಬೇಕು. ಗುಂಪಿನಿಂದ ಒಂದು ಹುಂಜವನ್ನು ಹೊರತೆಗೆದು ನಾಲ್ಕಾರು ದಿನದ ನಂತರ ಮರಳಿ ಬಿಡಬೇಡಿ. ಅವು ಅದನ್ನು ಹೊಸಬನೆಂದೇ ತಿಳಿದು ಮೇಲೆ ಬೀಳುತ್ತವೆ. ರಕ್ತ ಬಂದ ಹಕ್ಕಿಯನ್ನು ಮಾತ್ರ ಕೂಡಲೇ ಬೇರೆ ಮಾಡಲೇಬೇಕು, ರಕ್ತದ ಬಣ್ಣ ಕಂಡರೆ ಉಳಿದವು ಕುಕ್ಕುವುದನ್ನು ನಿಲ್ಲಿಸುವುದಿಲ್ಲ.

ಹೇಂಟೆಗಳ ಜೊತೆಗೆ ಎಂಟು ಹತ್ತಕ್ಕೆ ಒಂದು ಹುಂಜ ಸಾಕು. ಅದನ್ನು ಆರಿಸುವಾಗ ಬರೀ ಬಣ್ಣ ನೋಡದೆ, ಮರಿಗಳಿಗೆ ಹೊಡೆಯದ, ಕಾಳು ಕಂಡಾಗ ಹೇಂಟೆಗಳನ್ನು ಕರೆಯುವ, ಮನುಷ್ಯರ ಮೇಲೆ ಹಾರದ ಹುಂಜವನ್ನು ಆರಿಸಿ.

ಮಾರಾಟದ ಮಾತನ್ನೂ ಯೋಚಿಸಬೇಕು. ನಮ್ಮ ಕಡೆ ಹರಕೆಗೆ, ಮನೆಯ ಹಬ್ಬಕ್ಕೆ ಹುಂಜ ಕೊಳ್ಳಲು ಬರುವವರು ಮೊದಲು ಜುಟ್ಟು ನೋಡುತ್ತಾರೆ, ಆಮೇಲೆ ಬಣ್ಣ, ಆಮೇಲೆ ಕೈಯಲ್ಲಿ ಎತ್ತಿ ತೂಕ. ಜುಟ್ಟು ಬಿಳಿಚಿಕೊಂಡ, ಕೂಗದ ಹುಂಜವನ್ನು ಸಂತೆಗೆ ಒಯ್ದರೆ ಅದಕ್ಕೆ ರೋಗ ಬಂದಿದೆ ಎಂದೇ ತಿಳಿಯುತ್ತಾರೆ. ಹರಕೆಗಂತೂ ಊನವಿಲ್ಲದ ಹಕ್ಕಿಯೇ ಬೇಕು.

ಮಣ್ಣಿನಮಗ, ಮಂಡ್ಯ

ಅಕ್ಕನ ಮಾತು ಒಪ್ಪುತ್ತೇನೆ, ಆದರೂ ಒಂದು ಸಂದೇಹ ಉಳಿಯುತ್ತದೆ. ಬೆಂಗಳೂರಿನಂತಹ ಊರಿನಲ್ಲಿ ದೊಡ್ಡ ಹೋಟೆಲುಗಳು ಏನೇನನ್ನೋ ಹೊರದೇಶದಿಂದ ತರಿಸುತ್ತವೆ. ಪಶುವೈದ್ಯರಿಂದಲೇ, ಅರಿವಳಿಕೆ ಕೊಟ್ಟು ಮಾಡಿಸಿದ ಕೇಪನ್‌ಗಳನ್ನು ರೈತರ ಒಂದು ಗುಂಪು ಒಪ್ಪಂದದ ಮೇಲೆ ಬೆಳೆಸಿ ಕೊಟ್ಟರೆ ನಾಟಿ ಹುಂಜಕ್ಕಿಂತ ಹೆಚ್ಚಿನ ಬೆಲೆ ಬರಲಾರದೇ? ಹೊಸದನ್ನು ಮಾಡದೆ ಇದ್ದರೆ ರೈತನ ಆದಾಯ ಹೆಚ್ಚುವುದಾದರೂ ಹೇಗೆ?

ನಿವೃತ್ತ ಪಶುವೈದ್ಯ, ಹಾಸನ

ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಮೊದಲು ಕಾನೂನನ್ನು ನೋಡೋಣ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನ ಹೊರತು ಯಾವುದೇ ಜೀವಿ, ಆದ್ದರಿಂದ ಕೋಳಿಯೂ ಅದರಲ್ಲಿ ಸೇರುತ್ತದೆ. ಅದರ 11ನೇ ಸೆಕ್ಷನ್ ಪ್ರಾಣಿಯ ಅಂಗವನ್ನು ಊನಗೊಳಿಸುವುದನ್ನು ಅಪರಾಧವೆಂದು ಹೇಳಿ, ನಿಗದಿಪಡಿಸಿದ ರೀತಿಯಲ್ಲಿ ಬೀಜ ತೆಗೆಯುವುದು ಮೊದಲಾದವನ್ನು ಅದರಿಂದ ಹೊರಗಿಡುತ್ತದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನೋಂದಾಯಿತ ವೈದ್ಯರದ್ದು. ವಿಡಿಯೊ ನೋಡಿಕೊಂಡು ಮನೆಯ ಜಗಲಿಯ ಮೇಲೆ ಬ್ಲೇಡಿನಿಂದ ಪಕ್ಕೆ ಸೀಳುವುದು ಈ ಎರಡು ಕಾಯ್ದೆಗಳ ಆಶಯಕ್ಕೂ ಹೊಂದುವುದಿಲ್ಲ.

ಆದಾಯದ ಲೆಕ್ಕಕ್ಕೆ ಬಂದರೆ, ಹಕ್ಕಿಯೊಂದಕ್ಕೆ ವೈದ್ಯರ ಸಮಯ, ಅರಿವಳಿಕೆ, ನೋವು ನಿವಾರಕ, ಸಾಯುವ ಮತ್ತು ಅರೆಬರೆ ಉಳಿಯುವ ಹಕ್ಕಿಗಳ ನಷ್ಟ, ಆಮೇಲೆ ಎಂಟು ತಿಂಗಳ ಮೇವು, ಇವೆಲ್ಲವನ್ನೂ ಕೂಡಿ ನೋಡಿ. ಲಿಯಾನ್‌ನ ಗೆಳೆಯರು ಬರೆದಂತೆ ಅಲ್ಲಿ ಬೆಲೆ ಸಿಗುವುದು ತಳಿ, ಸೀಮೆ, ಹಬ್ಬ, ಅಡುಗೆ ನಾಲ್ಕೂ ತಲೆಮಾರುಗಳಿಂದ ಹೆಣೆದುಕೊಂಡಿರುವುದರಿಂದ. ಕೇಪನ್‌ನ ಹೆಚ್ಚುಗಾರಿಕೆ ಇರುವುದು ಮಾಂಸದ ಎಳೆಗಳ ನಡುವೆ ಸೇರಿದ ಕೊಬ್ಬಿನಲ್ಲಿ, ಅದು ತಿಳಿಯುವುದು ಇಡಿಯಾಗಿ ಸುಟ್ಟಾಗ. ನಮ್ಮ ನಾಟಿ ಕೋಳಿ ಸಾರಿಗೆ ಬೇಕಾಗಿರುವುದು ಗಟ್ಟಿಯಾದ, ಎಲುಬಿನ ರಸ ಬಿಡುವ, ಹೊತ್ತು ಬೆಂದರೂ ಕರಗದ ಮಾಂಸ. ಐದಾರು ತಿಂಗಳ ಹುಂಜ ಅದನ್ನು ತಾನಾಗಿಯೇ ಕೊಡುತ್ತದೆ. ಖಾರ ಅರೆದು ಕುದಿಸಿ ಮುದ್ದೆಯ ಜೊತೆ ಉಣ್ಣುವ ನಮ್ಮ ಜನ ಕೇಪನ್‌ನ ಮೆತ್ತನೆಯ ಮಾಂಸಕ್ಕೆ ಹೆಚ್ಚಿನ ಹಣ ಕೊಡುತ್ತಾರೆಂದು ನನಗೆ ಅನಿಸುವುದಿಲ್ಲ. ಜೀವವೊಂದಕ್ಕೆ ನೋವು ಕೊಡಬೇಕಾದರೆ ಅದಕ್ಕೆ ತಕ್ಕ ಕಾರಣವಿರಬೇಕು. ಇಲ್ಲಿ ನನಗೆ ಅಂತಹ ಕಾರಣ ಕಾಣುತ್ತಿಲ್ಲ.

ಹೊಸ ಸದಸ್ಯ, ಕೋಲಾರ

ಕತ್ತಿಯ ಬದಲು ಇಂಜೆಕ್ಷನ್ ಅಥವಾ ಗುಳಿಗೆಯಿಂದ ಇದೇ ಪರಿಣಾಮ ಬರುತ್ತದೆಂದು ಯಾರೋ ಹೇಳಿದರು. ನಿಜವೇ?

ನಿವೃತ್ತ ಪಶುವೈದ್ಯ, ಹಾಸನ

ಇದೇ ಪರಿಣಾಮಕ್ಕೆಂದು ಅಮೆರಿಕದಲ್ಲಿ 1940ರ ದಶಕದಿಂದ ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಹೆಣ್ಣು ಹಾರ್ಮೋನಿನ ಗುಳಿಗೆಯನ್ನು ಹುಂಜದ ಕತ್ತಿನ ಚರ್ಮದ ಕೆಳಗೆ ಸೇರಿಸುತ್ತಿದ್ದರು. ಗುಳಿಗೆಯ ಶೇಷ ತಿನ್ನುವವರ ದೇಹವನ್ನೂ ಸೇರುತ್ತದೆ ಎಂಬುದು ಗೊತ್ತಾದ ಮೇಲೆ 1959ರಲ್ಲಿ ಅಲ್ಲಿಯೇ ಕೋಳಿಗಳಿಗೆ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಮುಂದೆ ಇದೇ ಔಷಧಿಯನ್ನು ಗರ್ಭಿಣಿಯರಿಗೆ ಕೊಟ್ಟಾಗ ಅವರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಬಂದದ್ದು 1971ರಲ್ಲಿ ಬೆಳಕಿಗೆ ಬಂತು. ತಿನ್ನಲೆಂದು ಸಾಕುವ ಹಕ್ಕಿಗೆ ಯಾರಾದರೂ ಹಾರ್ಮೋನ್ ಮಾರಲು ಬಂದರೆ ಖಂಡಿತವಾಗಿ ಕೊಳ್ಳಬೇಡಿ.

ಹಿತ್ತಲಕೋಳಿ, ತಿಪಟೂರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಡಾಕ್ಟರ್ ಸಾಹೇಬರು ದೇಹದ ಒಳಗಿನ ರಚನೆಯನ್ನು ವಿವರಿಸಿದ ಮೇಲೆ ಆ ಯೋಚನೆಯನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇನೆ. ಅಕ್ಕ ಹೇಳಿದಂತೆ ತೋಟದ ಕೆಳತುದಿಯಲ್ಲಿ, ಹೇಂಟೆಗಳ ಗೂಡಿಗೆ ಕಾಣದ ಹಾಗೆ, ತೆಂಗಿನ ಗರಿಯ ತಟ್ಟಿ ಕಟ್ಟಿ ಹುಂಜಗಳಿಗೆ ಜಾಗ ಮಾಡುತ್ತಿದ್ದೇವೆ. ಒಳ್ಳೆಯ ನಡತೆಯ ಎರಡನ್ನು ಉಳಿಸಿಕೊಂಡು ಮಿಕ್ಕವನ್ನು ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಮಾರುವ ಆಲೋಚನೆಯಿದೆ, ಅಷ್ಟರಲ್ಲಿ ಅವಕ್ಕೆ ಆರು ತಿಂಗಳಾಗುತ್ತದೆ. ಇನ್ನು ಮೇವಿನ ವಿಚಾರ. ಹೇಂಟೆಗಳಿಗೆ ತರುವ ಮೊಟ್ಟೆಕೋಳಿ ಫೀಡನ್ನೇ ಹುಂಜಗಳಿಗೂ ಹಾಕಬಹುದೇ?

ನಿವೃತ್ತ ಪಶುವೈದ್ಯ, ಹಾಸನ

ಹಾಕಬೇಡಿ. ಮೊಟ್ಟೆಯ ಸಿಪ್ಪೆಗೆ ಬೇಕೆಂದು ಆ ಫೀಡಿನಲ್ಲಿ ಶೇಕಡ 3.5ರಿಂದ 4ರವರೆಗೆ ಕ್ಯಾಲ್ಸಿಯಂ ಸೇರಿಸಿರುತ್ತಾರೆ. ಬೆಳೆಯುವ ಹುಂಜಕ್ಕೆ ಶೇಕಡ 1ರ ಆಸುಪಾಸು ಸಾಕು. ಹೆಚ್ಚಾದದ್ದನ್ನು ಹೊರಹಾಕಲಾಗದೆ ಮೂತ್ರಪಿಂಡ ಕೆಟ್ಟು, ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟಿ ಹಕ್ಕಿ ಸಾಯುತ್ತದೆ. ಬೆಳೆಯುವ ಮರಿಗಳ ಗ್ರೋವರ್ ಫೀಡನ್ನು ಸ್ವಲ್ಪ ಹಾಕಿ, ಜೊತೆಗೆ ಮುಸುಕಿನ ಜೋಳದ ನುಚ್ಚು, ರಾಗಿ, ನೀರಿನಲ್ಲಿ ತೇಲಿ ಬೆಳೆಯುವ ಅಜೋಲಾ, ಸೊಪ್ಪು ಕೊಡಿ. ತೋಟದಲ್ಲಿ ಮಡಕೆಯೊಳಗೆ ಒದ್ದೆ ಸಗಣಿ ಮತ್ತು ಒಣಹುಲ್ಲು ತುಂಬಿ ಬೋರಲು ಹಾಕಿದರೆ ಗೆದ್ದಲು ಸೇರುತ್ತದೆ, ಅದು ಖರ್ಚಿಲ್ಲದ ಒಳ್ಳೆಯ ಪ್ರೋಟೀನು.

ಹುಂಜಗಳನ್ನು ಹೊಸ ಜಾಗಕ್ಕೆ ಸೇರಿಸುವ ಮುನ್ನ ಕೋಳಿಗಳಿಗೆ ಬರುವ ಕೊಕ್ಕರೆ (ರಾಣಿಖೇತ್) ರೋಗದ ಲಸಿಕೆ ಆಗಿದೆಯೇ ನೋಡಿಕೊಳ್ಳಿ. ಮೊದಲ ವಾರದಲ್ಲಿ ಕಣ್ಣಿಗೆ ಹನಿ ಹಾಕಿಸಿದ್ದರೂ ಎಂಟು ವಾರದ ಸುಮಾರಿಗೆ ಅದೇ ರೋಗಕ್ಕೆ ಆರ್‌ಟುಬಿ ಎಂಬ ಚುಚ್ಚುಮದ್ದು ಬೇಕೇ ಬೇಕು. ನಿಮ್ಮವಕ್ಕೆ ಅದು ತಪ್ಪಿದ್ದರೆ ಈಗಲಾದರೂ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಒಂದು ಸೀಸೆಯಲ್ಲಿ ಬಹಳ ಹಕ್ಕಿಗಳಿಗಾಗುವಷ್ಟು ಲಸಿಕೆ ಇರುತ್ತದೆ, ಬೆರೆಸಿದ ಮೇಲೆ ಅದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಆದ್ದರಿಂದ ಅಕ್ಕಪಕ್ಕದ ಮನೆಯವರ ಕೋಳಿಗಳನ್ನೂ ಸೇರಿಸಿಕೊಂಡು ಒಂದೇ ದಿನ, ಬೆಳಗಿನ ತಂಪಿನಲ್ಲಿ ಹಾಕಿಸಿ.